ರೆಸಿಡೆನ್ಸಿಗೆ ಬಂದಿರುವ ಕನ್ನಡದ ವೈದ್ಯರಿಗೆ: ಎಎಂಎಯಲ್ಲಿ ನಿಮ್ಮ ಮಾತು ನೀತಿಯಾಗುವುದು ಹೇಗೆ

ಡಾಕ್ಟರೇ, ತರಬೇತಿಗೆ ಬರುವವರಿಗೆ ಕೊಡುವ ಜೆ-1 ವೀಸಾದಲ್ಲಿ ಅಮೆರಿಕದ ಆಸ್ಪತ್ರೆಯೊಂದರ ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿ (ತಜ್ಞ ತರಬೇತಿ) ಸೇರಿದ್ದೀರಿ. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ (ಎಎಂಎ) ಸದಸ್ಯರಾಗಿ ಎಂದು ಸೀನಿಯರ್ ಒಬ್ಬರು ಹೇಳಿದ್ದಾರೆ. ಹೊರದೇಶದಿಂದ ಬಂದವರ ಮಾತಿಗೆ ಅಲ್ಲಿ ಬೆಲೆ ಇದೆಯೇ, ಅಥವಾ ಬರೀ ಚಂದಾ ಕಟ್ಟಿ ಸುಮ್ಮನಿರಬೇಕೇ ಎಂಬುದು ನಿಮ್ಮ ಪ್ರಶ್ನೆ. ಬೆಲೆ ಇದೆ. ಆದರೆ ಯಾವ ಬಾಗಿಲಿಗೆ ಯಾವ ಕಾಗದ ಹಿಡಿದು ಹೋಗಬೇಕು ಎಂಬುದು ಗೊತ್ತಿರಬೇಕು.

ಊರಿಂದ ಹೊಸದಾಗಿ ಬಂದವರು ಎಎಂಎಯನ್ನು ಕರ್ನಾಟಕ ಮೆಡಿಕಲ್ ಕೌನ್ಸಿಲ್ ಥರದ್ದು ಅಂದುಕೊಳ್ಳುತ್ತಾರೆ. ಹಾಗಲ್ಲ, ಅದು ನಮ್ಮ ಐಎಂಎ ಥರದ ಸಂಘ. ಲೈಸೆನ್ಸ್ ಕೊಡುವುದು ಆಯಾ ರಾಜ್ಯದ ಮೆಡಿಕಲ್ ಬೋರ್ಡ್. ರೆಸಿಡೆಂಟ್‌ಗಳ ಕೆಲಸಕ್ಕೆ ವಾರಕ್ಕೆ 80 ಗಂಟೆಯ ಮಿತಿ ಹಾಕಿದ್ದು ತರಬೇತಿಗಳಿಗೆ ಮಾನ್ಯತೆ ಕೊಡುವ ಸಂಸ್ಥೆ ಎಸಿಜಿಎಂಇ. ಜೆ-1 ನಿಯಮಗಳು ಫೆಡರಲ್ ಸರ್ಕಾರದವು. ಎಎಂಎಯಲ್ಲಿ ನಿರ್ಣಯ ಪಾಸಾದರೆ ಇವು ಯಾವುವೂ ತಾನಾಗಿ ಬದಲಾಗುವುದಿಲ್ಲ. ಸಂಘ ಯಾವುದರ ಪರ ನಿಲ್ಲಬೇಕು, ಯಾರ ಬಾಗಿಲು ತಟ್ಟಬೇಕು ಎಂಬುದು ಮಾತ್ರ ನಿರ್ಧಾರವಾಗುತ್ತದೆ. ಅದು ಸಣ್ಣ ವಿಷಯವಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಉದ್ಯೋಗ ವೀಸಾ ಅರ್ಜಿಗಳಿಗೆ 1,00,000 ಡಾಲರ್ ಶುಲ್ಕದ ಘೋಷಣೆ ಬಂದಾಗ, ವೈದ್ಯರಿಗೆ ವಿನಾಯಿತಿ ಕೊಡಿ ಎಂದು ಎಎಂಎ ಇತರ ವೈದ್ಯ ಸಂಘಗಳ ಜೊತೆ ಸೇರಿ ಕೆಲವೇ ದಿನಗಳಲ್ಲಿ ಪತ್ರ ಬರೆಯಿತು. ವಿದೇಶದಲ್ಲಿ ಓದಿದ ವೈದ್ಯರ ಬಗ್ಗೆ ಸಂಘದ ನಿಲುವು ಮೊದಲೇ ಕಾಗದದ ಮೇಲೆ ಇದ್ದರೆ ಇಂಥ ಪತ್ರ ಬರೆಯಲು ಹೊಸದಾಗಿ ಯಾರ ಒಪ್ಪಿಗೆಯೂ ಬೇಕಾಗುವುದಿಲ್ಲ.

ನೀತಿ ರೂಪಿಸುವುದು ಹೌಸ್ ಆಫ್ ಡೆಲಿಗೇಟ್ಸ್ ಎಂಬ ಪ್ರತಿನಿಧಿ ಸಭೆ. ಜೂನ್‌ನಲ್ಲಿ ಶಿಕಾಗೋದಲ್ಲಿ ವಾರ್ಷಿಕ ಸಭೆ, ನವೆಂಬರ್‌ನಲ್ಲಿ ಬೇರೊಂದು ಊರಿನಲ್ಲಿ ಮಧ್ಯಂತರ ಸಭೆ. ರಾಜ್ಯ ಸಂಘಗಳಿಗೆ 1,000 ಎಎಂಎ ಸದಸ್ಯರಿಗೆ ಒಬ್ಬರಂತೆ ಪ್ರತಿನಿಧಿಗಳು; ತಜ್ಞ ಸಂಘಗಳಿಗೆ, ವಿಭಾಗಗಳಿಗೆ ಬೇರೆ. ಸಾಮಾನ್ಯ ಸದಸ್ಯರು ನೇರವಾಗಿ ಅಲ್ಲಿ ನಿರ್ಣಯ ಮಂಡಿಸುವಂತಿಲ್ಲ, ಯಾವುದಾದರೂ ನಿಯೋಗದ ಮೂಲಕವೇ ಬರಬೇಕು. ನಿಮಗೆ ಮೂರು ದಾರಿಗಳಿವೆ: ರೆಸಿಡೆಂಟ್ಸ್ ಮತ್ತು ಫೆಲೋಗಳ ವಿಭಾಗ, ವಿದೇಶದಲ್ಲಿ ಓದಿ ಬಂದ ವೈದ್ಯರ (ಐಎಂಜಿ) ವಿಭಾಗ, ಮತ್ತು ನಿಮ್ಮ ರಾಜ್ಯದ ಮೆಡಿಕಲ್ ಸೊಸೈಟಿ. ರೆಸಿಡೆಂಟ್‌ಗಳಿಗೆ ಎಎಂಎ ಚಂದಾ ತೀರಾ ಕಡಿಮೆ. ಎಷ್ಟೋ ಕಡೆ ಆಸ್ಪತ್ರೆಯೇ ಕಟ್ಟುತ್ತದೆ, ಅಲ್ಲಿ ರೆಸಿಡೆನ್ಸಿ ತರಬೇತಿ ನೋಡಿಕೊಳ್ಳುವ ಜಿಎಂಇ ಆಫೀಸಿನಲ್ಲಿ ಕೇಳಿ ನೋಡಿ. ರಾಜ್ಯ ಸಂಘದ ಸದಸ್ಯತ್ವ ಬೇರೆ, ಅದನ್ನೂ ಮಾಡಿಸಿಕೊಳ್ಳಿ.

ಯಾಕೆಂದರೆ ನಮ್ಮವರನ್ನು ಹೆಚ್ಚು ಕಾಡುವ ಸಮಸ್ಯೆಗಳಲ್ಲಿ ಕೆಲವು ಎಎಂಎ ಮಟ್ಟದವೇ ಅಲ್ಲ. ಲೈಸೆನ್ಸನ್ನೇ ನೋಡಿ. ಇಲ್ಲೇ ಓದಿದವರಿಗೆ ಒಂದೋ ಎರಡೋ ವರ್ಷದ ತರಬೇತಿ ಸಾಕೆನ್ನುವ ಎಷ್ಟೋ ರಾಜ್ಯಗಳು ಹೊರಗೆ ಓದಿದವರಿಂದ ಮೂರು ವರ್ಷ ಕೇಳುತ್ತವೆ. ಇಬ್ಬರಿಗೂ ಒಂದೇ ಅಳತೆ ಇರಲಿ ಎಂಬುದು ಈಗಾಗಲೇ ಎಎಂಎ ನೀತಿ. ಅದನ್ನೇ ಮತ್ತೆ ಅಲ್ಲಿಗೆ ಒಯ್ದರೆ ‘ಇರುವ ನೀತಿಯನ್ನೇ ಪುನರುಚ್ಚರಿಸಲಾಗಿದೆ’ ಎಂಬ ಷರಾ ಬರೆದು ಮುಗಿಸುತ್ತಾರೆ. ಆ ಕಾನೂನು ರಾಜ್ಯದ್ದು, ಹಾಗಾಗಿ ಒಯ್ಯಬೇಕಾದದ್ದು ರಾಜ್ಯ ಸೊಸೈಟಿಗೆ. ಜೆ-1 ಮುಗಿಸಿದವರು ಎರಡು ವರ್ಷ ಸ್ವದೇಶದಲ್ಲಿ ಇದ್ದು ಬರಬೇಕೆಂಬ ನಿಯಮದಿಂದ ವಿನಾಯಿತಿ ಕೊಟ್ಟು, ಬದಲಿಗೆ ವೈದ್ಯರ ಕೊರತೆ ಇರುವ ಕಡೆ ಮೂರು ವರ್ಷ ದುಡಿಯಲು ಅವಕಾಶ ಕೊಡುವ ಕಾನ್ರಾಡ್ 30 ಯೋಜನೆ ಹಾಗಲ್ಲ. ರಾಜ್ಯಕ್ಕೆ ವರ್ಷಕ್ಕೆ 30 ಎಂಬ ಮಿತಿ ಏರಿಸಬೇಕಾದದ್ದು ಅಮೆರಿಕದ ಕಾಂಗ್ರೆಸ್. ಅಲ್ಲಿ ಎಎಂಎ ದನಿ ಬೇಕು. ಅದೇ 30 ಜಾಗಗಳನ್ನು ಹಂಚುವ ಕ್ರಮದಲ್ಲಿ ತಕರಾರಿದ್ದರೆ ಮತ್ತೆ ರಾಜ್ಯದ ಆರೋಗ್ಯ ಇಲಾಖೆ.

ಆದ್ದರಿಂದ ಬರೆಯಲು ಕೂರುವ ಮುಂಚೆ ಎಎಂಎ ನೀತಿಗಳನ್ನು ಆನ್‌ಲೈನ್‌ನಲ್ಲಿ ಹುಡುಕುವ ಪಾಲಿಸಿ ಫೈಂಡರ್‌ನಲ್ಲಿ ಹುಡುಕಿ. ಐಎಂಜಿಗಳ ಕುರಿತ ಮೂಲ ತತ್ವಗಳು ಎಚ್-255.988 ಸಂಖ್ಯೆಯ ನೀತಿಯಲ್ಲಿವೆ, ಉದ್ದನೆಯದು, ಆದರೂ ಪೂರ್ತಿ ಓದಿ. ಎಚ್ ಅಂದರೆ ನಿಲುವು, ಡಿ ಅಂದರೆ ಸಂಘ ಮಾಡಲೇಬೇಕಾದ ಕೆಲಸ. ನಿಲುವು ಇದ್ದೂ ಕೆಲಸ ಆಗಿಲ್ಲವೆಂದರೆ ನಿಮ್ಮ ನಿರ್ಣಯ ಕೆಲಸವನ್ನು ಕೇಳಬೇಕು.

ನಿರ್ಣಯದಲ್ಲಿ ಎರಡು ಭಾಗ. ಕಾರಣಗಳನ್ನು ಹೇಳುವ ‘ವೇರ್ಆ್ಯಸ್’ ಸಾಲುಗಳು, ಬೇಡಿಕೆ ಇಡುವ ‘ರಿಸಾಲ್ವ್ಡ್’ ಸಾಲುಗಳು. ಮತಕ್ಕೆ ಹೋಗುವುದು, ಕೊನೆಗೆ ಉಳಿಯುವುದು ಎರಡನೆಯದು ಮಾತ್ರ. ಹೊಸಬರು ಎಡವುವುದು ಇಲ್ಲೇ. ಒಂದೂವರೆ ಪುಟ ಕಾರಣ ಬರೆದು, ಕೊನೆಗೆ ‘ಈ ಸಮಸ್ಯೆಯನ್ನು ಎಎಂಎ ಪರಿಹರಿಸಬೇಕು’ ಎಂದು ಬಿಡುತ್ತಾರೆ. ಕಾರಣಗಳೆಲ್ಲ ಕಳಚಿದ ಮೇಲೆ ಯಾವ ಸಮಸ್ಯೆ ಎಂದೇ ತಿಳಿಯುವುದಿಲ್ಲ. ಪ್ರತಿ ರಿಸಾಲ್ವ್ಡ್ ಸಾಲೂ ಒಂಟಿಯಾಗಿ ಓದಿದರೂ ಅರ್ಥವಾಗಬೇಕು. ಯಾರು, ಏನು, ಯಾರ ಬಳಿ ಎಂಬುದು ಅದರೊಳಗೇ ಇರಬೇಕು. ‘ಕಾನ್ರಾಡ್ 30 ಯೋಜನೆಯ ರಾಜ್ಯವಾರು ಮಿತಿ ಏರಿಸುವ ಫೆಡರಲ್ ಶಾಸನಕ್ಕಾಗಿ ನಮ್ಮ ಎಎಂಎ ಒತ್ತಾಯಿಸಬೇಕು’ ಎಂಬಷ್ಟು ನೇರ. ಒಂದು ಸಾಲಿಗೆ ಒಂದೇ ಬೇಡಿಕೆ ಇರಲಿ. ಎರಡನ್ನು ಹೆಣೆದರೆ ಒಂದರ ಮೇಲಿನ ಸಿಟ್ಟಿಗೆ ಇನ್ನೊಂದೂ ಬೀಳುತ್ತದೆ. ಅಧ್ಯಯನ ಮಾಡಿ ಎಂದು ಕೇಳಿದರೆ ಸಿಗುವುದು ವರದಿಯೇ, ಅದೂ ತಿಂಗಳುಗಟ್ಟಲೆ ಕಾದ ಮೇಲೆ. ಅಂಕಿಅಂಶ ಕೈಯಲ್ಲಿದ್ದರೆ ಅಧ್ಯಯನ ಕೇಳಬೇಡಿ. ಖರ್ಚಿನ ಅಂದಾಜನ್ನೂ ಸಿಬ್ಬಂದಿ ಜೊತೆಗೆ ಲಗತ್ತಿಸುತ್ತಾರೆ. ಸಮೀಕ್ಷೆ, ಪ್ರಚಾರ ಆಂದೋಲನ ಅಂತ ಸೇರಿಸಿದಷ್ಟೂ ಆ ಮೊತ್ತ ಏರುತ್ತದೆ, ವಿರೋಧವೂ ಏರುತ್ತದೆ.

ನಿರ್ಣಯ ಸಲ್ಲಿಸುವ ಗಡುವು ತಪ್ಪಿಸಬೇಡಿ. ತಡವಾಗಿ ಬಂದದ್ದನ್ನು ಚರ್ಚೆಗೆ ತೆಗೆದುಕೊಳ್ಳಲೇ ಮೂರನೇ ಎರಡರಷ್ಟು ಮತ ಬೇಕು. ರೆಸಿಡೆಂಟ್ ವಿಭಾಗದ ಗಡುವು ಇನ್ನೂ ಮೊದಲೇ ಬರುತ್ತದೆ; ಅಲ್ಲಿ ಪಾಸಾದದ್ದು ಮುಖ್ಯ ಸಭೆಗೆ ಹೋಗಲು ಇನ್ನೊಂದು ಸುತ್ತು ಹಿಡಿಯಬಹುದು. ನಿಮ್ಮ ರೆಸಿಡೆನ್ಸಿ ಮೂರೇ ವರ್ಷ, ಮೊದಲ ವರ್ಷದಲ್ಲೇ ಶುರು ಮಾಡಿದರೆ ಕೊನೆ ಕಾಣುತ್ತೀರಿ.

ಮುಖ್ಯ ಸಭೆಯಲ್ಲಿ ನಿಜವಾದ ಕೆಲಸ ನಡೆಯುವುದು ನಿರ್ಣಯಗಳ ಬಗ್ಗೆ ಅಭಿಪ್ರಾಯ ಕೇಳಿ ಶಿಫಾರಸು ಮಾಡುವ ರೆಫರೆನ್ಸ್ ಕಮಿಟಿಯಲ್ಲಿ. ವಾರ್ಷಿಕ ಸಭೆಯಲ್ಲಿ ಶಾಸನದ ವಿಷಯ ಬಿ ಕಮಿಟಿಗೆ, ವೈದ್ಯ ಶಿಕ್ಷಣ ಸಿ ಕಮಿಟಿಗೆ ಹೋಗುತ್ತದೆ. ಪ್ರತಿನಿಧಿಯಲ್ಲದ ಸದಸ್ಯರೂ ಅಲ್ಲಿ ಮಾತಾಡಬಹುದು, ಇದನ್ನು ಬಿಡಬೇಡಿ. ಎರಡು ನಿಮಿಷ ಸಿಕ್ಕರೆ ಹೆಚ್ಚು. ಹೆಸರು, ಯಾರ ಪರವಾಗಿ, ಬೇಕೋ ಬೇಡವೋ, ಒಂದು ಬಲವಾದ ಕಾರಣ, ಇಷ್ಟೇ ಹೇಳಿ. ಹಿಂದಿನವರು ಹೇಳಿದ್ದನ್ನೇ ಹೇಳಬೇಡಿ. ಅದಕ್ಕಿಂತ ಮುಂಚೆ ಆನ್‌ಲೈನ್ ಅಭಿಪ್ರಾಯ ತೆರೆದಿರುತ್ತದೆ. ಅಲ್ಲಿ ನಾಲ್ಕು ಬೇರೆ ಬೇರೆ ನಿಯೋಗಗಳು ಬೆಂಬಲ ಬರೆದರೆ ಒಂದೇ ಗುಂಪಿನ ಇಪ್ಪತ್ತು ಜನರ ಬೆಂಬಲಕ್ಕಿಂತ ಹೆಚ್ಚು ತೂಕ.

ಕಮಿಟಿಯ ಶಿಫಾರಸುಗಳೆಲ್ಲ ಒಟ್ಟಾಗಿ ಕನ್ಸೆಂಟ್ ಕ್ಯಾಲೆಂಡರ್ ಎಂಬ ಪಟ್ಟಿಯಲ್ಲಿ ಬರುತ್ತವೆ. ನಿಮ್ಮದನ್ನು ಬೇಡವೆಂದಿದ್ದರೆ ಯಾರಾದರೂ ಪ್ರತಿನಿಧಿ ಅದನ್ನು ಚರ್ಚೆಗೆ ಹೊರಗೆಳೆಯಬೇಕು. ಎಳೆಯದಿದ್ದರೆ ಚರ್ಚೆಯಿಲ್ಲದೆ ಒಟ್ಟು ಮತದಲ್ಲಿ ಮುಗಿದುಹೋಗುತ್ತದೆ. ಎಳೆಯುವವರು ಯಾರು ಎಂದು ಹಿಂದಿನ ದಿನವೇ ಮಾತಾಡಿಟ್ಟುಕೊಳ್ಳಿ. ‘ರೆಫರ್’ ಅಂದರೆ ಅಧ್ಯಯನವಾಗಿ ವರದಿ ಮತ್ತೆ ಸಭೆಗೆ ಬರುತ್ತದೆ. ‘ರೆಫರ್ ಫಾರ್ ಡಿಸಿಷನ್’ ಅಂದರೆ ಆಡಳಿತ ಮಂಡಳಿಯೇ ತೀರ್ಮಾನಿಸುತ್ತದೆ, ಮತ್ತೆ ಮತಕ್ಕೆ ಬರುವುದಿಲ್ಲ. ಪಾಸಾದದ್ದೂ ಶಾಶ್ವತವಲ್ಲ, 10 ವರ್ಷಕ್ಕೊಮ್ಮೆ ಮರುಪರಿಶೀಲನೆ ಆಗುತ್ತದೆ, ಉಳಿಸಿಕೊಳ್ಳದಿದ್ದರೆ ನೀತಿ ರದ್ದಾಗುತ್ತದೆ.

ವೀಸಾದಲ್ಲಿ ಇರುವವರು ಎರಡು ಎಚ್ಚರಿಕೆ ವಹಿಸಬೇಕು. ಸದಸ್ಯತ್ವಕ್ಕಾಗಲಿ, ಮಾತಿಗಾಗಲಿ ಪೌರತ್ವ ಬೇಕಿಲ್ಲ, ಆದರೆ ನಿಮ್ಮ ಹೆಸರಿನಲ್ಲೇ ಮಾತಾಡಿ. ಆಸ್ಪತ್ರೆಯ ಪರವಾಗಿ ಎಂಬ ಭಾವನೆ ಬರುವಂತೆ ಬೇಡ. ಇನ್ನೊಂದು, ಸಂಘದ ರಾಜಕೀಯ ನಿಧಿ ಆ್ಯಂಪ್ಯಾಕ್. ಗ್ರೀನ್ ಕಾರ್ಡ್ ಬರುವ ತನಕ ಅದಕ್ಕೆ ಒಂದು ಡಾಲರ್ ಕೂಡ ಕೊಡಬೇಡಿ. ಚುನಾವಣೆಗಳಿಗೆ ವಿದೇಶಿಯರು ಹಣ ಕೊಡುವುದನ್ನು ಫೆಡರಲ್ ಕಾನೂನು ನಿಷೇಧಿಸಿದೆ. ಯಾರಾದರೂ ಚೀಟಿ ಮುಂದಿಟ್ಟು ಕೇಳಿದರೆ ವೀಸಾ ಹೇಳಿ ಬೇಡವೆನ್ನಿ, ಯಾರೂ ತಪ್ಪು ತಿಳಿಯುವುದಿಲ್ಲ.