‘ರಿಯಾಲಿಟಿ ಬೈಟ್ಸ್’ ಚಿತ್ರದ ಕೊನೆಯಲ್ಲಿ ಲೆಲೇನಾ ತಪ್ಪು ಹುಡುಗನನ್ನು ಆರಿಸಿಕೊಂಡಳೇ?

ಸಂಬಳ ತರುವ ಮೈಕಲ್‌ನನ್ನು ಬಿಟ್ಟು ಸೋಫಾ ಬಿಟ್ಟೇಳದ ಟ್ರಾಯ್‌ನ ಕೈ ಹಿಡಿದದ್ದು ಸರಿಯೇ ಎಂದು ಕೇಳಿದ್ದೀರಿ. ಸರಿಯಲ್ಲ. ಮೈಕಲ್‌ನ ಕೈ ಹಿಡಿದಿದ್ದರೂ ಸರಿಯಾಗುತ್ತಿರಲಿಲ್ಲ. 1994ರ ಈ ಹಾಲಿವುಡ್ ಚಿತ್ರವನ್ನು ನಾನು ಮೂರು ಸಲ ನೋಡಿದ್ದೇನೆ. ಮೊದಲ ಸಲ ಟ್ರಾಯ್‌ನ ಪಕ್ಷ, ಎರಡನೆಯ ಸಲ ಮೈಕಲ್‌ನ ಪಕ್ಷ. ಮೂರನೆಯ ಸಲಕ್ಕೆ ಇಬ್ಬರು ಗಂಡಸರೂ ಹಿನ್ನೆಲೆಗೆ ಸರಿದು, ಲೆಲೇನಾಳ ಜೊತೆ ಮನೆ ಹಂಚಿಕೊಂಡ ಗೆಳತಿ, ಬಟ್ಟೆ ಅಂಗಡಿಯ ವಿಕ್ಕಿ ಎದುರಿಗೆ ಬಂದು ನಿಂತಳು. ಅದೇಕೆಂದು ಹೇಳಬೇಕಾದರೆ ಸ್ವಲ್ಪ ಸ್ವಂತ ಕಥೆಯನ್ನೂ ಹೇಳಬೇಕು. ಚಿತ್ರ ನೋಡದವರು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು, ಏಕೆಂದರೆ ಕೊನೆಯವರೆಗೂ ಎಲ್ಲವನ್ನೂ ಹೇಳಿಬಿಡುತ್ತೇನೆ.

2013ರಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿದೆ. ಬೆಳಗಾವಿಯ ಟಿಳಕವಾಡಿಯಲ್ಲಿ ಎರಡನೆಯ ರೈಲ್ವೆ ಗೇಟಿನ ಹತ್ತಿರ ಗೆಳತಿಯೊಬ್ಬಳ ಜೊತೆ ಒಂದು ಕೋಣೆ ಹಿಡಿದಿದ್ದೆ. ಗೇಟು ಬಿದ್ದರೆ ಇಡೀ ರಸ್ತೆ ನಿಲ್ಲುತ್ತಿತ್ತು. ನಮ್ಮದು ಗೇಟು ತೆರೆದರೂ ನಿಂತೇ ಇರುವ ಬದುಕು. ಊರಿನಿಂದ ಫೋನ್ ಬಂದರೆ ‘ಓದುತ್ತಿದ್ದೇನೆ’ ಎನ್ನುತ್ತಿದ್ದೆ. ಪರೀಕ್ಷೆ ಯಾವುದು, ಅಧಿಸೂಚನೆ ಯಾವಾಗ ಎಂದು ಯಾರೂ ಕೇಳದಷ್ಟು ಗೌರವ ಆ ಒಂದು ಮಾತಿಗಿತ್ತು. ಇಂಥ ಒಂದು ರಾತ್ರಿ ಲ್ಯಾಪ್‌ಟಾಪ್‌ನಲ್ಲಿ ಈ ಚಿತ್ರ ಹಾಕಿದೆವು.

ಚಿತ್ರ ಶುರುವಾಗುವುದೇ ಪದವಿ ಪ್ರದಾನದಿಂದ. ತರಗತಿಗೇ ಮೊದಲಿಗಳಾದ ಲೆಲೇನಾ ಭಾಷಣ ಮಾಡುತ್ತಿದ್ದಾಳೆ. ನಮ್ಮ ಪ್ರಶ್ನೆಗಳಿಗೆ ಉತ್ತರವೇನು ಎಂದು ಹೇಳುವ ಹೊತ್ತಿಗೆ ಕೊನೆಯ ಹಾಳೆ ಕಾಣೆಯಾಗುತ್ತದೆ. ತಡವರಿಸಿ, ನನಗೆ ಗೊತ್ತಿಲ್ಲ ಎಂದುಬಿಡುತ್ತಾಳೆ. ಅವಳು ಅಮೆರಿಕದ ಹೂಸ್ಟನ್ ನಗರದ ಹುಡುಗಿ, ಆದರೂ ಬೆಳಗಾವಿಯ ನಾವಿಬ್ಬರೂ ಚಾದರ ಸರಿಸಿ ಎದ್ದು ಕುಳಿತೆವು.

ನಿರ್ದೇಶಕ ಬೆನ್ ಸ್ಟಿಲ್ಲರ್‌ಗೆ ಅದು ಮೊದಲ ಚಿತ್ರ, ಮೈಕಲ್‌ನ ಪಾತ್ರವೂ ಅವನದೇ. ಬರೆದ ಹೆಲೆನ್ ಚೈಲ್ಡ್ರೆಸ್ ಆಗಿನ್ನೂ ಇಪ್ಪತ್ತರ ಹರೆಯದಲ್ಲಿದ್ದಳು. ಪ್ರೇಮದ ಭಾಗವನ್ನು ಯಾರಾದರೂ ಬರೆದಾರು. ಕೆಲಸವಿಲ್ಲದವರ ಚಿಲ್ಲರೆ ಲೆಕ್ಕ ಮಾತ್ರ ಅನುಭವಿಸಿದವರಿಗಷ್ಟೇ ಬರುತ್ತದೆ. ಪದವಿ ಪಡೆದಾಗ ಲೆಲೇನಾಗೆ ಅಪ್ಪ ಹಳೆಯ ಕಾರು ಮತ್ತು ಪೆಟ್ರೋಲಿಗೊಂದು ಕಾರ್ಡು ಕೊಟ್ಟಿರುತ್ತಾನೆ. ಟಿವಿ ಕೆಲಸ ಹೋದ ಮೇಲೆ ಲೆಲೇನಾ ಬಂಕಿನಲ್ಲಿ ನಿಂತು, ಬಂದವರ ಗಾಡಿಗೆ ಆ ಕಾರ್ಡಿನಿಂದ ಪೆಟ್ರೋಲು ತುಂಬಿಸಿ ಅವರಿಂದ ನಗದು ಪಡೆಯುತ್ತಾಳೆ! ನಾವು ಬಿದ್ದು ಬಿದ್ದು ನಕ್ಕದ್ದು ಆ ಉಪಾಯ ಪರಕೀಯವಲ್ಲವೆಂದು. ನನ್ನ ಗೆಳತಿ ಮನೆಯಿಂದ ಪುಸ್ತಕಕ್ಕೆಂದು ಬಂದ ದುಡ್ಡಿನಲ್ಲಿ ಬಾಡಿಗೆ ಕಟ್ಟಿ, ಪುಸ್ತಕಗಳನ್ನು ಗ್ರಂಥಾಲಯದಿಂದ ತರುತ್ತಿದ್ದಳು. ಇನ್ನೊಂದೆಡೆ ಲೆಲೇನಾ ಸೋಫಾದಲ್ಲಿ ಬಿದ್ದುಕೊಂಡೇ ಫೋನಿನಲ್ಲಿ ಭವಿಷ್ಯ ಹೇಳುವವರಿಗೆ ಕರೆ ಮಾಡಿ ಮಾಡಿ ನಾನೂರು ಡಾಲರ್ ಬಿಲ್ಲು ತರಿಸುತ್ತಾಳೆ. ನಾವು ಅಷ್ಟು ದೂರ ಹೋಗಿರಲಿಲ್ಲ. ಗಿಣಿಶಾಸ್ತ್ರದವನಿಗೆ ಹತ್ತು ರೂಪಾಯಿ ಕೊಟ್ಟದ್ದುಂಟು.

ಆ ಫೋನ್ ಬಿಲ್ಲಿನ ಹೊತ್ತಿಗೆ ವಿಕ್ಕಿಗೆ ಬಟ್ಟೆ ಅಂಗಡಿಯಲ್ಲಿ ಮ್ಯಾನೇಜರ್ ಪದವಿ ಸಿಕ್ಕಿದೆ. ನನ್ನ ಅಂಗಡಿಗೇ ಬಾ ಎಂದು ಲೆಲೇನಾಳನ್ನು ಕರೆಯುತ್ತಾಳೆ. ಅಂಥ ಕೆಲಸವನ್ನು ನಾನು ಮಾಡುವುದೇ ಎಂಬ ಉತ್ತರ ಬರುತ್ತದೆ. ವಿಕ್ಕಿಯ ಮುಖದಲ್ಲಿ ಆಗ ಆಗುವುದನ್ನು ನೋಡಿ. ಏಡ್ಸ್ ಪರೀಕ್ಷೆಯ ಫಲಿತಾಂಶಕ್ಕೆ ಹೆದರಿ ಕಾಯುವಾಗಲೂ ತಮಾಷೆ ಬಿಡದ ಹುಡುಗಿ ಅವಳು.

ಮೊದಲ ಸಲ ನೋಡಿದಾಗ ಈ ದೃಶ್ಯ ನನ್ನ ತಲೆಯಲ್ಲಿ ಉಳಿಯಲೇ ಇಲ್ಲ. ಉಳಿದಿದ್ದರೆ ನಾಲ್ಕು ತಿಂಗಳ ಮೇಲೆ ನಾನೇ ಅದನ್ನು ಆಡಿ ತೋರಿಸುತ್ತಿರಲಿಲ್ಲ. ಗೆಳತಿಗೆ ಖಡೇಬಜಾರಿನ ಸೀರೆ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತು. ಮದುವೆಯ ಹಂಗಾಮಿಗೆ ಇನ್ನೊಬ್ಬಳು ಬೇಕೆಂದು ಮಾಲೀಕರು ಕೇಳಿದರಂತೆ, ಓಡಿ ಬಂದು ನನ್ನನ್ನು ಕರೆದಳು. ‘ಎಂ.ಎ. ಮಾಡಿ ಸೀರೆ ಮಡಚಲೇ?’ ಎಂದೆ. ಅವಳದೂ ಎಂ.ಎ.ಯೇ ಎಂಬುದು ಆ ಕ್ಷಣ ಮರೆತುಹೋಗಿತ್ತು. ಅವಳು ಏನೂ ಅನ್ನಲಿಲ್ಲ. ಬಾಡಿಗೆಯ ತನ್ನ ಪಾಲನ್ನು ಎಣಿಸಿ ಮೇಜಿನ ಮೇಲಿಟ್ಟು ಮಲಗಿದಳು. ಆ ತಿಂಗಳು ನನ್ನ ಪಾಲನ್ನೂ ಅವಳೇ ಕಟ್ಟಿದ್ದಳೆಂದು ಮನೆಯೊಡತಿಯಿಂದ ಆಮೇಲೆ ತಿಳಿಯಿತು.

ಈಗ ನಿಮ್ಮ ಪ್ರಶ್ನೆ. ಮುಂದೇನು ಎಂದು ಕೇಳಿಕೊಂಡು ಹೊರಟ ಚಿತ್ರ ಕೊನೆಗೆ ಕೊಡುವ ಉತ್ತರ ಒಬ್ಬ ಹುಡುಗ. ಲೆಲೇನಾ ಗೆಳೆಯರ ಮೇಲೆ ತೆಗೆದ ಸಾಕ್ಷ್ಯಚಿತ್ರವನ್ನು ಮೈಕಲ್ ಕೆಲಸ ಮಾಡುವ ಟಿವಿ ಚಾನೆಲ್ ಕತ್ತರಿಸಿ ಚಿಂದಿ ಮಾಡುತ್ತದೆ. ಟ್ರಾಯ್ ಅಪ್ಪನನ್ನು ಕಳೆದುಕೊಂಡು ಮರಳುತ್ತಾನೆ, ಇಬ್ಬರೂ ಒಂದಾಗುತ್ತಾರೆ. ಅವಳ ಕೆಲಸದ ಗತಿ? ಚಿತ್ರಕ್ಕೆ ಅದರ ನೆನಪೇ ಇಲ್ಲ. ನನ್ನ ಸೋದರಮಾವನ ಪರಿಹಾರವೂ ಅದೇ ಆಗಿತ್ತು: ನೌಕರಿ ಆಗದಿದ್ದರೆ ಒಂದು ಗಂಡು ನೋಡೋಣ. ಎರಡು ಗಂಡುಗಳ ಫೋಟೊ ಕೂಡ ಕಳಿಸಿದ್ದರು. ಒಬ್ಬ ಸರ್ಕಾರಿ, ಒಬ್ಬ ಖಾಸಗಿ. ಇಬ್ಬರಲ್ಲಿ ಯಾರು ವಾಸಿ ಎಂದು ಮನೆಯವರೆಲ್ಲ ಚರ್ಚಿಸಿದರು, ಈಗ ಟ್ರಾಯ್ ಮತ್ತು ಮೈಕಲ್ ಬಗ್ಗೆ ನೀವು ಕೇಳುತ್ತಿರುವ ಹಾಗೆಯೇ.

ಚಿತ್ರ ಕೆಟ್ಟದ್ದು ಎನ್ನುತ್ತಿಲ್ಲ. ಕೊನೆಯಲ್ಲಿ ಹೆಸರುಗಳು ಓಡುವಾಗ ಬರುವ ಹಾಡಿನ ಕಥೆಯೇ ಸಾಕು ನೋಡಲು. ಹಾಡಿದ ಲೀಸಾ ಲೋಬ್‌ಗೆ ಆಗ ಯಾವ ಧ್ವನಿಮುದ್ರಣ ಕಂಪನಿಯ ಒಪ್ಪಂದವೂ ಇರಲಿಲ್ಲ. ಟ್ರಾಯ್ ಪಾತ್ರ ಮಾಡಿದ ಈಥನ್ ಹಾಕ್ ಅವಳ ನೆರೆಮನೆಯವನು, ಹಾಡನ್ನು ಸ್ಟಿಲ್ಲರ್‌ಗೆ ತಲುಪಿಸಿದವನು ಅವನೇ. 1994ರ ಆಗಸ್ಟ್‌ನಲ್ಲಿ ಅದು ಅಮೆರಿಕದ ಬಿಲ್‌ಬೋರ್ಡ್ ಜನಪ್ರಿಯ ಹಾಡುಗಳ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಚಿತ್ರದ ಒಳಗಿರುವ ಯಾರಿಗೂ ಸಿಗದ ಭಾಗ್ಯ!

ನಾನು ಆ ಎರಡೂ ಫೋಟೊ ವಾಪಸು ಕಳಿಸಿದೆ. ಈಗ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ, ವರ್ಷದ ಎಲ್ಲ ತಿಂಗಳೂ ಸಂಬಳ ಬರದ ಹುದ್ದೆ. ಗೆಳತಿಯ ಜೊತೆ ಮಾತು ಮತ್ತೆ ಶುರುವಾಗಲು ಒಂದು ವರ್ಷ ಹಿಡಿಯಿತು. ಕಳೆದ ದೀಪಾವಳಿಗೆ ಮುಂಚೆ ಅವಳ ಅಂಗಡಿಗೆ ಹೋದಾಗ ಗೋವಾದಿಂದ ಬಂದ ಕುಟುಂಬವೊಂದರ ಮುಂದೆ ಸೀರೆಗಳ ಗುಡ್ಡೆಯನ್ನೇ ಹರವಿಕೊಂಡು ಕುಳಿತಿದ್ದಳು. ಅವರೊಂದಿಗೆ ಕೊಂಕಣಿ, ಹುಡುಗರೊಂದಿಗೆ ಮರಾಠಿ, ಫೋನಿನಲ್ಲಿ ಯಾರೊಂದಿಗೋ ಕನ್ನಡ. ನನ್ನನ್ನು ಕಂಡವಳೇ ಬಿಚ್ಚಿದ್ದ ಸೀರೆಯೊಂದನ್ನು ನನ್ನ ಮಡಿಲಿಗೆ ಎಸೆದು, ಮಡಚು ಎಂದಳು. ಮಡಚಿ ಕೊಟ್ಟೆ. ಒಂದು ಸಲ ನೋಡಿದಳು, ಕೊಡವಿ ಬಿಚ್ಚಿ ತಾನೇ ಮತ್ತೆ ಮಡಚಿದಳು.