ಲ್ಯಾಬಿನ ಎನಾಮಲ್ ಬರೋತನಾ ಕಾಯೋಣೇನ್ರಿ?

ಪ್ರಶ್ನೆ: ಡಾಕ್ಟರ್ ರೀ, ನನ್ನ ಮಗಳಿಗೆ ಏಳು ವರ್ಷ. ಕೆಳಗಿನ ದವಡಿ ಹಲ್ಲಿನ್ಯಾಗ ಕರಿ ತೂತು ಬಿದ್ದೈತಿ, ತಣ್ಣನ ನೀರು ಕುಡಿದ್ರ ಗಲ್ಲ ಹಿಡ್ಕೊಂಡು ಅಳತಾಳ. ಲ್ಯಾಬಿನ್ಯಾಗ ಹಲ್ಲಿನ ಜೀವಕೋಶ ಬೆಳೆಸಿ ಎನಾಮಲ್ (ಹಲ್ಲಿನ ಮ್ಯಾಲಿನ ಗಟ್ಟಿ ಪದರ) ಮತ್ತ ಬರೂಹಂಗ ಮಾಡ್ತಾರಂತ ಮೊಬೈಲಿನ್ಯಾಗ ನೋಡಿದೆ, ಅದು ಬರೋತನಾ ಕಾಯೋಣೇನ್ರಿ? ಹಾಲಹಲ್ಲು, ಹೆಂಗೂ ಬೀಳತೈತಿ ಅಂತಾರ ನಮ್ಮತ್ತಿ.
(ಓದುಗರು, ಹುನಗುಂದ ತಾಲೂಕು)

ಉತ್ತರ: ಕಾಯಬ್ಯಾಡವಾ ತಂಗಿ, ಈ ವಾರಾನ ತೋರಸು. ಮೊದಲ ಮಗಳ ಬಾಯಿ ತಗಸಿ ನಡುವಿನ ಹಲ್ಲಿನಿಂದ ಹಿಂದಕ್ಕ ಎಣಿಸ್ಕೋತ ಹೋಗು, ಆರನೇದ್ದು ಆಗಿದ್ರ ಅದು ಹಾಲಹಲ್ಲಲ್ಲ, ಖಾಯಂ ಹಲ್ಲು. ಆರು ವರ್ಷದ ಸುಮಾರಿಗೆ ಯಾವ ಹಲ್ಲೂ ಬೀಳದನ ಹಿಂದ ಸುಮ್ನ ಎದ್ದು ಬಂದಿರ್ತೈತಿ, ಅದಕ್ಕ ಮನ್ಯಾಗ ಯಾರಿಗೂ ಗೊತ್ತಾಗಂಗಿಲ್ಲ, ಬಾಗಲಕೋಟಿ ನಮ್ಮ ದವಾಖಾನಿಗೆ ಬರೋ ಎಷ್ಟೋ ಮಕ್ಕಳದ್ದು ಇದ ಹಲ್ಲು ಹೋಗಿರ್ತೈತಿ, ನೋಡಿದ್ರ ಹೊಟ್ಟಿ ಉರೀತೈತಿ.

ನೀ ನೋಡಿದ ಸುದ್ದಿ ಖರೇನ ಐತಿ. ಎನಾಮಲ್ ಕಟ್ಟೋ ಜೀವಕೋಶಕ್ಕ ಅಮೆಲೋಬ್ಲಾಸ್ಟ್ ಅಂತಾರ. ಹಲ್ಲು ಇನ್ನೂ ಒಸಡಿನೊಳಗ ಇದ್ದಾಗ ಇವು ಅದರ ಮೈಮ್ಯಾಲ ಸಾಲಾಗಿ ನಿಂತು ಪ್ರೋಟೀನ್ ಬಿಟ್ಟು, ಅದರಾಗ ಕ್ಯಾಲ್ಸಿಯಂ ಫಾಸ್ಫೇಟಿನ ಹರಳು ಕಟ್ಟಿಸಿ, ಹಲ್ಲು ಹೊರಗ ಬರೂದ್ರಾಗ ಸತ್ತು ಹೋಗ್ತಾವ. ಮುರಿದ ಎಲುಬು ಕೂಡತೈತಿ, ಯಾಕಂದ್ರ ಅದರಾಗ ಜೀವಕೋಶ ಅದಾವ. ಎನಾಮಲ್ ತೂಕದಾಗ ಸುಮಾರು 96 ಪರ್ಸೆಂಟ್ ಬರೇ ಖನಿಜ, ತೂತು ಬಿತ್ತಂದ್ರ ತುಂಬಾಕ ಯಾರೂ ಉಳಿದಿರಂಗಿಲ್ಲ. ನಿಮ್ಮ ಕಡೆ ಬೋರಿನ ನೀರಾಗ ಫ್ಲೋರೈಡ್ ಜಾಸ್ತಿ ಇದ್ದ ಊರಾಗ ಹಲ್ಲಿಗೆ ಕಂದು ಕಲೆ ಇರ್ತಾವಲ್ಲ, ಅವೂ ಹಲ್ಲು ಒಳಗ ತಯಾರಾಗೋವಾಗ ಈ ಜೀವಕೋಶದ ಕೆಲಸ ಕೆಟ್ಟಿದ್ದರ ಗುರುತ ಅದಾವ, ಎಷ್ಟ ತಿಕ್ಕಿದ್ರೂ ಹೋಗಂಗಿಲ್ಲ.

2023ರಾಗ ಅಮೆರಿಕಾದ ಸಿಯಾಟಲ್‌ನಾಗಿರೋ ವಾಷಿಂಗ್ಟನ್ ಯೂನಿವರ್ಸಿಟಿಯವ್ರು ಮನುಷ್ಯರ ಸ್ಟೆಮ್ ಸೆಲ್‌ನಿಂದ (ಬ್ಯಾರೆ ಬ್ಯಾರೆ ಜೀವಕೋಶ ಆಗಿ ಬೆಳೆಯೋ ಮೂಲ ಜೀವಕೋಶ) ಅಮೆಲೋಬ್ಲಾಸ್ಟ್ ಬೆಳೆಸಿದ್ರು, ಸಣ್ಣ ಉಂಡಿಯಂಗ ಗುಂಪುಗೂಡಿ ಎನಾಮಲ್‌ಗೆ ಬೇಕಾದ ಮೂರೂ ಮುಖ್ಯ ಪ್ರೋಟೀನ್ ಬಿಟ್ವು, ಖನಿಜಾನೂ ಕಟ್ಟಾಕ ಶುರು ಆತು. ಓದಿ ನನಗ ಭಾಳ ಖುಷಿ ಆತು. ಆದ್ರ ರೊಟ್ಟಿ ಕಡಿಯೋ ಹಲ್ಲಿನಷ್ಟು ಗಟ್ಟಿ ಮಾಡೂದು ಬ್ಯಾರೆ ಕೆಲಸ, ಪೇಷಂಟ್ ಬಾಯಾಗ ಹಾಕೋ ಚಿಕಿತ್ಸಾ ಆಗಿ ಅದು ಇನ್ನೂ ಬಂದಿಲ್ಲ. ಯಾರರೆ ಈಗ ರೊಕ್ಕಾ ಕೇಳಿ ಮಾಡಿಕೊಡ್ತೀನಿ ಅಂದ್ರ ಕೊಡಬ್ಯಾಡ.

ತಣ್ಣಂದಕ್ಕಷ್ಟ ಝುಮ್ ಅಂದು ಲಗೂನ ಕಡಿಮಿ ಆಗತಿದ್ರ ಫಿಲ್ಲಿಂಗ್‌ನಾಗ ಉಳಿಯೋ ಸಾಧ್ಯತೆ ಐತಿ. ಆ ಆರನೇ ಹಲ್ಲಿನ ಬೇರಿನ ತುದಿ ಮುಚ್ಚಾಕ ಮಗಳಿಗೆ ಒಂಬತ್ತು, ಹತ್ತು ವರ್ಷ ತುಂಬಬೇಕು, ಅದಕ್ಕ ಒಳಗಿನ ನರ ಈಗ ಜೀವಂತ ಇಟ್ಕೋಬೇಕು. ಇಂಥಾವ ಉಳಿದ ಮೂರು ಖಾಯಂ ದವಡಿ ಹಲ್ಲು ನೆಟ್ಟಗಿದ್ರ ಅದ ದಿನಾನ ಅವಕ್ಕ ಸೀಲಂಟ್ (ಹಲ್ಲಿನ ಮ್ಯಾಲಿನ ಗೆರಿ ಮುಚ್ಚೋ ಲೇಪ) ಹಚ್ಚಿಸ್ಕೊಂಡು ಬಾ.