ಓದುಗರ ಪ್ರಶ್ನೆ: ಮೂರು ಗಂಟೆ ಸಾಕಲ್ವಾ?

ಪ್ರಶ್ನೆ: ಕಾಡು ದಾಟಿ, ಗುಡ್ಡ ಹತ್ತಿ, ಹೊಳೆ ಕಣಿವೆಗೆ ಇಳಿಯುವ ದಾರಿ. ಒಟ್ಟು 12 ಕಿ.ಮೀ., ಏರು 600 ಮೀಟರ್. ಮೂರು ಗಂಟೆ ಸಾಕಲ್ವಾ?

ಉತ್ತರ: ಸಾಲುವುದಿಲ್ಲ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಒಂದು ಸರಳ ಲೆಕ್ಕ ಕೊಟ್ಟರು. ಸುಮಾರು 5 ಕಿ.ಮೀ.ಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹಾಗೆ ನೋಡಿದರೆ ನಿಮಗೆ ಸುಮಾರು ಮೂರು ಗಂಟೆ ಇಪ್ಪತ್ತೈದು ನಿಮಿಷ ಬೇಕು. ಅದೂ ಎಲ್ಲೂ ಕೂರದೆ! ನಾನಾದರೆ ಐದು ಗಂಟೆ ಇಟ್ಟುಕೊಳ್ಳುತ್ತೇನೆ. ನೋಡೋಕೆ ಅಂತ ಹೋಗಿ ಓಡಿ ಬಂದರೆ ಏನು ಸುಖ?

ಇಳಿಜಾರು ಸುಲಭ ಅಂದುಕೊಳ್ಳಬೇಡಿ. ನನ್ನ ಮೊದಲ ನಡಿಗೆಯಲ್ಲಿ ಹತ್ತುವಾಗ ಏನೂ ಆಗಲಿಲ್ಲ. ಇಳಿಯುವಾಗ ತೊಡೆ ನಡುಗತೊಡಗಿತು. ಹೆಬ್ಬೆರಳು ಶೂ ತುದಿಗೆ ಗುದ್ದಿ ಗುದ್ದಿ ಉಗುರು ಕಪ್ಪಾಯಿತು. ಈಗ ಇಳಿಯುವ ಮೊದಲು ಸುಮ್ನೆ ಒಂದು ಕಲ್ಲಿನ ಮೇಲೆ ಕೂರುತ್ತೇನೆ. ಲೇಸು ಸಡಿಲಿಸಿ, ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ, ಕಣಕಾಲಿನ ಹತ್ತಿರ ಬಿಗಿಯಾಗಿ ಕಟ್ಟುತ್ತೇನೆ. ಆಮೇಲೆ ಚಿಕ್ಕ ಚಿಕ್ಕ ಹೆಜ್ಜೆ.

ಬೆಳಿಗ್ಗೆ ಬೇಗ ಹೊರಡಿ. ರಾತ್ರಿ ತಣ್ಣನೆಯ ಗಾಳಿ ಭಾರವಾಗಿ ಕಣಿವೆಗೆ ಇಳಿದಿರುತ್ತದೆ, ಮಂಜು ಅಲ್ಲೇ ಕಟ್ಟಿಕೊಳ್ಳುತ್ತದೆ. ಮೇಲಿಂದ ನೋಡಿದರೆ ಎಷ್ಟೋ ಸಲ ಹೊಳೆಯೇ ಕಾಣೋದಿಲ್ಲ. ಅದರ ಡೊಂಕಿನ ಗುಂಟ ಒಂದು ಬಿಳಿ ಪಟ್ಟಿ ಮಾತ್ರ. ಬಿಸಿಲೇರಿದರೆ ಅದು ಹರಿದುಹೋಗುತ್ತದೆ, ತಡ ಮಾಡಿದರೆ ಸಿಗೋದಿಲ್ಲ.

ಹೊಳೆ ದಾಟುವುದಿದ್ದರೆ ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿರಿ. ಬಿದ್ದರೆ ಬ್ಯಾಗು ಕಳಚಿಕೊಳ್ಳಬೇಕಲ್ಲ. ನೀರು ಕದಡಿ ಏರುತ್ತಿದ್ದರೆ ಇಳಿಯಲೇಬೇಡಿ, ವಾಪಸ್ ಬನ್ನಿ.